ಹಾಕದೆ ಬಿಟ್ಟ ರೀಲು

ಇಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದೆ. ಟೂರಿಂಗ್ ಟಾಕೀಸಿನ ಆಪರೇಟರಿಗೆ ಪರದೆಯ ಮೇಲಿನ ಸಾವೂ ಸುಳ್ಳು, ಅಳುವೂ ಸುಳ್ಳು. ಆದರೂ ಅರವತ್ತರ ದಶಕದ ಕೊನೆಯಲ್ಲಿ ಹಾರನಹಳ್ಳಿಯಲ್ಲಿ ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಆಗ ನನಗೆ ಮನೆಯವರೆಂದು ಯಾರೂ ಇರಲಿಲ್ಲ. ಟೆಂಟಿನಲ್ಲೇ ಅಡುಗೆ, ಅಲ್ಲೇ ನಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಎಂದು ಊರೂರು ಸುತ್ತುತ್ತಿದ್ದೆವು. ಒಂದೂರಿನ ಮುಖಗಳು ಪರಿಚಯವಾಗುವ ಹೊತ್ತಿಗೆ ಗೂಟ ಕೀಳುವ ದಿನ ಬರುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ.

ಆ ವಾರ ಬರಬೇಕಿದ್ದ ಕನ್ನಡ ಚಿತ್ರ ಬಾರದೆ, ಹಳೆಯ ಇಂಗ್ಲಿಷ್ ಚಿತ್ರವೊಂದರ ಪೆಟ್ಟಿಗೆ ಬಂತು. ಅದರಲ್ಲಿ ನಾಲ್ವರು ಸೇರಿ ಒಡವೆ ಅಂಗಡಿ ದೋಚುತ್ತಾರೆ. ಕೆಲಸ ಕೆಡುತ್ತದೆ. ಒಬ್ಬೊಬ್ಬರಾಗಿ ಸಾಯುತ್ತಾರೆ. ಕಾರು ಓಡಿಸುವ ಹುಡುಗ ಮಾತ್ರ ಕೊನೆಯ ರೀಲಿನವರೆಗೆ ಬದುಕಿದ್ದು, ರೈಲ್ವೆ ಗೋಡೌನಿನ ಬಳಿ ಗುಂಡೇಟಿಗೆ ಬೀಳುತ್ತಾನೆ. ಭಾಷೆ ತಿಳಿಯದ ಜನ ಮೊದಲ ದಿನವೇ ಎದ್ದು ಹೋದರು.

ನಿಂಗಮ್ಮ ಎಂಬ ಮುದುಕಿ ಮಾತ್ರ ಎರಡು ದಿನವೂ ಕೊನೆಯವರೆಗೆ ಕೂತಿದ್ದಳು. ಮೂರನೆಯ ಸಂಜೆ ಆಟಕ್ಕೆ ಮುಂಚೆ ನನ್ನ ಬಳಿ ಬಂದಳು.

“ಆಪ್ರೇಟ್ರಪ್ಪ, ಕಾರ್ ಓಡುಸ್ತಾನಲ್ಲ, ಆ ಹುಡ್ಗ, ಅವ್ನ ನಡ್ಗೆ ನನ್ ಮಗ ಮಾದೇವಂದೇ ಕಣಪ್ಪ. ಮೈಸೂರ್ಗೆ ಹೋಗಿ ವರ್ಸಾಯ್ತು. ಒಡ್ವೆ ಕದಿಯೋರ ಸಂಗ ಸೇರವ್ನೆ ಅಂತಾರೆ.”

“ಅವ್ನು ಯಾವ್ದೋ ದೇಶದೋನು ಕಣಜ್ಜಿ. ಇದು ಬರೀ ಆಟ.”

“ಗೊತ್ತು ಬುಡಪ್ಪ. ಆದ್ರೂ ಇವತ್ತೊಂದಿನ ಅವನ್ನ ಸಾಯ್ಸಬ್ಯಾಡ.”

ನಗು ಬಂತು. ಆದರೆ ಯಾರಾದರೂ ನನ್ನನ್ನು ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಅಂದು ಟೆಂಟಿನಲ್ಲಿ ಆಕೆಯನ್ನು ಬಿಟ್ಟರೆ ಮೂವರಿದ್ದರು, ಇಬ್ಬರು ನಿದ್ದೆ ಹೋಗಿದ್ದರು. ಹುಡುಗ ಗೋಡೌನಿನ ಕಡೆ ಹೊರಟು, ರಸ್ತೆಯ ತಿರುವಿನಲ್ಲಿ ನಿಲ್ಲುವಲ್ಲಿಗೆ ಆ ರೀಲು ಮುಗಿಯಿತು. ಪರದೆ ಒಂದು ಗಳಿಗೆ ಬರಿ ಬೆಳ್ಳಗೆ ಉರಿಯಿತು. ಕೊನೆಯ ರೀಲನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ನಿಂಗಮ್ಮ ನನ್ನತ್ತ ಕೈಮುಗಿದು ಹೋದಳು.

ಮರುದಿನ ಪೆಟ್ಟಿಗೆ ಕೆ.ಆರ್. ನಗರಕ್ಕೆ ಹೋಯಿತು. ಅಂದೇ ಮಧ್ಯಾಹ್ನ ನಿಂಗಮ್ಮ ಒಬ್ಬ ಯುವಕನನ್ನು ಕರೆದುಕೊಂಡು ಬಂದಳು. ಮಾದೇವ.

“ನಿನ್ನೆ ರಾತ್ರಿ ಮೈಸೂರ್ ಟೇಸನ್ ಹಿಂದ್ಗಡೆ ಗೋಡೌನ್ ತಾವ ಬಾ ಅಂದಿದ್ರು ಕಣಣ್ಣ, ಒಡ್ವೆ ಪಾಲ್ ಮಾಡಕ್ಕೆ. ತಿರುವ್ನಲ್ಲಿ ಬಂದ್ ನಿಂತೆ. ಕಾಲೇ ಮುಂದಕ್ಕೆ ಬರ್ನಿಲ್ಲ. ಕಣ್ಮುಂದೆ ಎಲ್ಲಾ ಬೆಳ್ಳಗಾಗೋಯ್ತು. ಬಸ್ ಹತ್ಕಂಡು ಬಂದ್ಬುಟ್ಟೆ. ನನ್ ಜತೆಗಾರ ಒಬ್ನೇ ಗೋಡೌನ್ ತಾವ ಹೋದ. ಅವನ್ನ ಅಲ್ಲೇ ಚುಚ್ಚಾಕವ್ರಂತೆ, ಬೆಳ್ಗೆ ಬಸ್ನೋರು ಅಂದ್ರು.”

ನಾನು ಕೊನೆಯ ರೀಲು ಹಾಕದೆ ಬಿಟ್ಟದ್ದನ್ನು ಯಾರಿಗೂ ಹೇಳಿರಲಿಲ್ಲ. ಪರದೆ ಬೆಳ್ಳಗಾದದ್ದನ್ನು ಅವನು ಕಂಡಿರಲು ಸಾಧ್ಯವಿರಲಿಲ್ಲ.

“ಆ ಚಿತ್ರ ಈಗ ಎಲ್ಲೈತಪ್ಪ?” ಎಂದಳು ನಿಂಗಮ್ಮ.

“ಮೈಸೂರಿಗೆ ವಾಪಸ್ ಹೋಯ್ತು” ಎಂದು ಸುಳ್ಳು ಹೇಳಿದೆ. ಅಂದು ಸಂಜೆ ಕೆ.ಆರ್. ನಗರದಲ್ಲಿ ಅದರ ಆಟವಿತ್ತು. ಅಲ್ಲಿಯ ಆಪರೇಟರ್ ಕೊನೆಯ ರೀಲನ್ನು ಹಾಕದೆ ಯಾಕೆ ಬಿಟ್ಟಾನು? ಓಡಿಹೋಗಿ ಅವನಿಗೆ ಏನೆಂದು ಹೇಳಲಿ?

ಎರಡು ದಿನಕ್ಕೆ ನಾವು ಗೂಟ ಕಿತ್ತು ಕೋಟೆಯ ಕಡೆ ಹೊರಟೆವು. ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹಾರನಹಳ್ಳಿಯ ಮೇಲೆ ಹಾದುಹೋಗಿದ್ದೇನೆ. ಇಳಿದು, ಮಾದೇವ ಇದ್ದಾನೆಯೇ ಎಂದು ಒಂದು ಮಾತು ಕೇಳಬಹುದಿತ್ತು. ಬಸ್ಸು ನಿಂತಾಗಲೆಲ್ಲ ಕಿಟಕಿಯಿಂದ ಮುಖ ತಿರುಗಿಸಿಕೊಂಡು ಕೂತೆ. ಇಳಿಯಲಿಲ್ಲ.