ಬಸ್ಯಾನ ಗಂಟೆ ಮತ್ತು ಬದಲಾಗದ ಹೆಸರು

ಕೋವಿಡ್ ಅಡಗಿದ ಮರುವರ್ಷ. ನಾನಾಗ ಜಹೀರಾಬಾದಿನಲ್ಲಿ ಉಪಕರಣ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್. ನಾರಾಯಣಖೇಡ, ತಾಂಡೂರುಗಳ ಕಡೆಯ ಪಶು ಗರ್ಭಧಾರಣೆ ಕೇಂದ್ರಗಳು ನನ್ನ ಪಾಲಿನವು. ಅಲ್ಲಿ ಒಳ್ಳೆಯ ಹೋರಿಗಳ ವೀರ್ಯವನ್ನು ಸ್ಟ್ರಾ ಎನ್ನುವ ಸಣ್ಣ ಕೊಳವೆಗಳಲ್ಲಿ ತುಂಬಿ, ದ್ರವ ನೈಟ್ರೋಜನ್ ಇರುವ ಕ್ಯಾನಿನಲ್ಲಿ ಮುಳುಗಿಸಿಡುತ್ತಾರೆ. ನೈಟ್ರೋಜನ್ ತಾನಾಗಿಯೇ ಆವಿಯಾಗುತ್ತಿರುತ್ತದೆ. ಅದು ಮುಗಿಯುವ ಮುಂಚೆ ಮತ್ತೆ ತುಂಬದಿದ್ದರೆ ಹೆಪ್ಪುಗಟ್ಟಿದ ವೀರ್ಯ ಕರಗಿ ಎಲ್ಲ ಹೋದಂತೆ.

ಕ್ಯಾನಿನಲ್ಲಿ ಎಷ್ಟು ಉಳಿದಿದೆ ಎಂದು ಒಂದು ಸೆನ್ಸರ್ ಅಳೆಯುತ್ತಿತ್ತು. ಅದು ಹೇಳಿದ್ದನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಹಳೆಯ ಸೆನ್ಸರ್ ತಳದಿಂದ ದ್ರವದ ಎತ್ತರ ಹೇಳುತ್ತಿತ್ತು. ಆ ವರ್ಷ ಹಾಕಿದ ಹೊಸದು ಮೇಲಿನಿಂದ ಖಾಲಿ ಜಾಗ ಅಳೆಯುತ್ತಿತ್ತು. ಎರಡೂ ಸೆಂಟಿಮೀಟರಿನಲ್ಲೇ. ಹೊಸ ಸೆನ್ಸರಿಗೆ ತಕ್ಕಂತೆ ಡ್ರೈವರನ್ನೂ ಬದಲಿಸಿದರು. ಅದರ ಹೆಸರನ್ನು ಮಾತ್ರ ಹಾಗೇ ಬಿಟ್ಟರು. ಹೆಸರು ಗುರುತಿನದು ಎಂದು, ಅಂಕಿಯನ್ನು ಪರದೆಯಲ್ಲಿ ತೋರಿಸುವ ಹಳೆಯ ಪ್ರೋಗ್ರಾಂ ಅದನ್ನು ಸಲೀಸಾಗಿ ಒಳಗೆ ಬಿಟ್ಟುಕೊಂಡಿತು. ಖಾಲಿ ಜಾಗವನ್ನು ತುಂಬಿದ ನೈಟ್ರೋಜನ್ ಎಂದು ತೋರಿಸತೊಡಗಿತು.

ನಾರಾಯಣಖೇಡದ ಕೇಂದ್ರದಲ್ಲಿ ಡ್ರೈವರ್ ಬದಲಿಸಿದ ದಿನ ಕ್ಯಾನು ಸರಿಯಾಗಿ ಅರ್ಧ ಇತ್ತಂತೆ. ಹೀಗಾಗಿ ಅಂಕಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ನೈಟ್ರೋಜನ್ ಇಳಿದಂತೆಲ್ಲ ಅಂಕಿ ಮೆಲ್ಲಗೆ ಏರಿತು. ಅಲ್ಲಿನ ಸಹಾಯಕ ಮೊಗಲಪ್ಪ, ಇನ್ನೊಂದು ಪಾಳಿಯವನು ನೈಟ್ರೋಜನ್ ಗಾಡಿ ಕರೆಸಿದ್ದಾನೆ ಎಂದುಕೊಂಡ. ಆ ಇನ್ನೊಬ್ಬ ಮೊಗಲಪ್ಪನೇ ಕರೆಸಿದ್ದಾನೆ ಎಂದುಕೊಂಡ. ಸುಮ್ಮಸುಮ್ಮನೆ ಮುಚ್ಚಳ ತೆಗೆದರೆ ನೈಟ್ರೋಜನ್ ಹಾಳು ಎಂಬುದು ಕೇಂದ್ರದ ಶಿಸ್ತು. ಮೊದಲು ಅದ್ದಿ ನೋಡುತ್ತಿದ್ದ ಕಡ್ಡಿ ಸೆನ್ಸರ್ ಬಂದ ಮೇಲೆ ಕಪಾಟಿನ ಮೇಲೇರಿತ್ತು.

ಒಂದು ಬೆಳಿಗ್ಗೆ ನಾನು ಬ್ಯಾಟರಿ ಬದಲಿಸಲು ಅಲ್ಲಿಗೆ ಹೋಗಿದ್ದೆ. ಬಂಡೆಪ್ಪ ಎಂಬ ಹಿರಿಯ ರೈತ ಅವಸರದಲ್ಲಿ ಬಂದ. ಅವನ ದೇವಣಿ ತಳಿಯ ಹೋರಿ ಬಸ್ಯಾ ಸತ್ತು ವರ್ಷವಾಗಿತ್ತು. ಅದರ ಕೆಲವು ಸ್ಟ್ರಾಗಳು ಆ ಕ್ಯಾನಿನಲ್ಲಿ ಮಾತ್ರ ಉಳಿದಿದ್ದವು.

"ಆಕಳ ಬೆದಿಗಿ ಬಂದದ ಮೊಗಲಪ್ಪ, ಲಗೂನ ನಡಿ. ಬಸ್ಯಾನ ಗಂಟಿ ಗೂಟಕ್ಕ ಹಂಗೇ ಅದ. ಹುಟ್ಟೋ ಕರಕ್ಕ ಕಟ್ಟಬೇಕು" ಅಂದ.

ಮೊಗಲಪ್ಪ ಮುಚ್ಚಳ ತೆಗೆದ. ಬಿಳಿ ಆವಿ ಉಕ್ಕಿ ಬರಬೇಕಿತ್ತು, ಬರಲಿಲ್ಲ.

"ಹೊಗಿ ಬರವಲ್ದು ನೋಡ್ರಿ ಸಾರ್" ಅಂದ. ಅವನ ದನಿ ಇಳಿದುಹೋಗಿತ್ತು.

ಕಡ್ಡಿ ಹುಡುಕಿ ತಳದವರೆಗೆ ಇಳಿಸಿದೆವು. ಅದು ಒಂದಿಷ್ಟೂ ಮಂಜು ಕಟ್ಟದೆ ಹಾಗೇ ಮೇಲೆ ಬಂತು. ಪರದೆಯಲ್ಲಿ ಮಾತ್ರ ಹಸಿರು ಬಣ್ಣದಲ್ಲಿ ಮೂವತ್ತೆಂಟು ಎಂದಿತ್ತು, ಎಂದರೆ ಕ್ಯಾನು ಪೂರ್ತಿ ತುಂಬಿದೆ ಎಂದು.

ಬಂಡೆಪ್ಪ ನನ್ನ ಮುಖ ನೋಡಿದ. "ಈಗ ತುಂಬಿದ್ರ ನಡೆಂಗಿಲ್ಲೇನ್ರಿ?"

"ಇಲ್ಲ ಕಾಕಾ. ಒಮ್ಮೆ ಕರಗಿದ ಮ್ಯಾಲೆ ಮುಗೀತು."

ಅವನು ಬಾಗಿಲ ಹೊಸ್ತಿಲ ಮೇಲೆ ಕುಳಿತ. "ತಾಯಿ ಸತ್ತ ಕರ ಅದು. ನನ್ನ ಹೆಣ್ತಿ ಬಾಟಲಿಲೆ ಹಾಲು ಕುಡಿಸಿ ಜೋಪಾನ ಮಾಡಿದ್ದಳ್ರಿ. ಆಕಿ ಹೋದಳು, ಬಸ್ಯಾನೂ ಹೋತು. ಅದರದೊಂದು ಕರ ಆಗಿದ್ರ ಸಾಕಿತ್ತು ನನಗ." ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ಹೊರಗೆ ಬಂದು ಹೆಡ್ ಆಫೀಸಿಗೆ ಫೋನ್ ಮಾಡಿ, ಹೊಸ ಡ್ರೈವರಿಗೂ ಹಳೆಯ ಹೆಸರೇ ಏಕೆ ಎಂದು ಕೇಳಿದೆ. ಹೆಸರು ಬದಲಿಸಿದರೆ ಎಲ್ಲ ಕೇಂದ್ರಗಳಲ್ಲೂ ಪ್ರೋಗ್ರಾಂ ನಿಂತುಹೋಗುತ್ತಿತ್ತು, ಅದಕ್ಕೇ ಹಾಗೇ ಇಟ್ಟೆವು ಎಂದರು. "ನಿಲ್ಲಬೇಕಾಗಿತ್ತು. ನಿಂತಿದ್ದರೆ ಯಾರಾದರೂ ಮುಚ್ಚಳ ತೆಗೆದು ನೋಡುತ್ತಿದ್ದರು" ಎಂದೆ. ಅಷ್ಟು ಜೋರಾಗಿ ನಾನು ಆಫೀಸಿನವರೊಂದಿಗೆ ಹಿಂದೆಂದೂ ಮಾತಾಡಿರಲಿಲ್ಲ.

ಅಂದೇ ತಾಂಡೂರಿಗೆ ಹೋದೆ. ಅಲ್ಲಿ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಗಾಡಿ ಕರೆಸಿ ತುಂಬಿಸಿದೆ. ಎಲ್ಲರೂ ಸಮಾಧಾನಪಟ್ಟರು. ನನಗೆ ಮಾತ್ರ ನಾರಾಯಣಖೇಡದ ಹೊಸ್ತಿಲೇ ಕಣ್ಣ ಮುಂದಿತ್ತು. ಮುಂದೆ ಡ್ರೈವರಿಗೆ ಹೊಸ ಹೆಸರು ಬಂತು. ಎಲ್ಲ ಕೇಂದ್ರಗಳ ಪರದೆಗಳೂ "ಉಪಕರಣ ಸಿಗುತ್ತಿಲ್ಲ" ಎಂದು ನಿಂತವು. ಒಂದೊಂದು ಊರಿಗೂ ಹೋಗಿ ಹೊಸ ಪ್ರೋಗ್ರಾಂ ಹಾಕಿ ಬಂದೆ. ಅಷ್ಟು ಓಡಾಟಕ್ಕೆ ಒಂದು ದಿನವೂ ಬೇಸರಪಡಲಿಲ್ಲ.

ಮರುವರ್ಷ ಬಂಡೆಪ್ಪನ ಮನೆಗೆ ಹೋದೆ. ಬೇರೆ ಹೋರಿಯ ಸ್ಟ್ರಾದಿಂದ ಅವನ ಆಕಳು ಗಂಡು ಕರು ಹಾಕಿತ್ತು. ಬಸ್ಯಾನಿಗಿತ್ತೆಂದು ಬಂಡೆಪ್ಪ ಹೇಳಿದ್ದ ಅದೇ ಕಪ್ಪು ಮುಖ, ಬಿಳಿ ಮೈ ಮೇಲೆ ಅದೇ ಕಪ್ಪು ಮಚ್ಚೆ. ಅವನಿಗೆ ಖುಷಿಯಾಗಲೆಂದು "ಬಾರೋ ಬಸ್ಯಾ" ಎಂದು ಕರುವಿನ ಕಡೆ ಕೈ ಚಾಚಿದೆ.

"ಹಂಗ ಕರೀಬ್ಯಾಡ್ರಿ ಸಾರ್" ಅಂದ ಬಂಡೆಪ್ಪ. "ಇದು ಬಸ್ಯಾ ಅಲ್ಲ. ಆ ಹೆಸರು ಇಟ್ರ, ಬಸ್ಯಾ ಇನ್ನಾ ಅದ ಅಂತ ನನ್ನ ಜೀವ ನಂಬಿ ಕುಂದರ್ತದ."

ಒಳಗಿನದು ಬದಲಾದ ಮೇಲೆ ಹಳೆಯ ಹೆಸರು ಉಳಿಸಬಾರದು ಎಂದು ಹೊಸ ಎಂಜಿನಿಯರುಗಳಿಗೆ ನಾನೀಗ ಮೊದಲ ದಿನವೇ ಹೇಳುತ್ತೇನೆ. ಅದು ಕೆಲಸದ ಪಾಠ. ಅಂದು ಬಂಡೆಪ್ಪನ ಕೊಟ್ಟಿಗೆಯಲ್ಲಿ ಕರುವಿನ ಕೊರಳಿಗೆ ಜಹೀರಾಬಾದಿನಿಂದ ತಂದ ಹೊಸ ಗಂಟೆ ಇತ್ತು. ಬಸ್ಯಾನ ಗಂಟೆ ಇನ್ನೂ ಗೂಟದಲ್ಲೇ ತೂಗುತ್ತಿತ್ತು.