ಖಂಡೇನವಮಿಯ ದಿನ ಬಿಚ್ಚಿದ ಬೋಲ್ಟುಗಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ಸಿಟ್ಟಿನ ದೆಸೆಯಿಂದಲೇ ಒಬ್ಬ ಪೈಲಟ್ ನಮ್ಮ ಮನೆಯ ಹುಡುಗನಂತಾದ.

ಯುದ್ಧದ ಕಾಲ. ಹುಬ್ಬಳ್ಳಿಯಲ್ಲಿ ರೈಲಿನ ಇಂಜಿನ್ನುಗಳ ಕೆಲಸ ಮಾಡಿಕೊಂಡಿದ್ದ ನಾನು ಹೆಚ್ಚಿನ ಪಗಾರದ ಆಸೆಗೆ ಪುಣೆಗೆ ಬಂದು, ಯೆರವಡಾದ ಆಚೆಗಿದ್ದ ವಿಮಾನ ಮೈದಾನದಲ್ಲಿ ಫಿಟ್ಟರ್ ಆಗಿ ಸೇರಿದ್ದೆ. ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ನಮಗೆ ಎರಡು ಖೋಲಿ. ದಿನಾ ಬೆಳಿಗ್ಗೆ ಸೈಕಲ್ ಏರಿ, ಬುತ್ತಿ ಕಟ್ಟಿಕೊಂಡು, ಜೈಲಿನ ಗೋಡೆಯ ಪಕ್ಕದಿಂದಲೇ ಹೋಗಬೇಕು. ಗೋಡೆಯ ಒಳಗೆ ಸ್ವರಾಜ್ಯಕ್ಕಾಗಿ ಹೋದವರು. ಹೊರಗೆ ಬ್ರಿಟಿಷರ ವಿಮಾನಕ್ಕೆ ಎಣ್ಣೆ ಹಾಕಲು ಹೊರಟ ನಾನು. ವಾಡೆಯ ಮಾಲಕರು ಇದನ್ನು ವಾರಕ್ಕೊಮ್ಮೆಯಾದರೂ ಎತ್ತಿ ಆಡುತ್ತಿದ್ದರು. ಬಾಡಿಗೆ ಮಾತ್ರ ಅದೇ ಪಗಾರದಿಂದ ತಪ್ಪದೆ ಇಸಿದುಕೊಳ್ಳುತ್ತಿದ್ದರು.

ಒಂದು ದಿನ ತುಕ್ಕು ಹಿಡಿದ ನಟ್ಟೊಂದು ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ನಾನು ಅದರ ವಂಶವನ್ನೆಲ್ಲ ಜಾಲಾಡುತ್ತಿದ್ದಾಗ ಹಿಂದಿನಿಂದ ಯಾರೋ ಗೊಳ್ಳನೆ ನಕ್ಕರು. ತಿರುಗಿ ನೋಡಿದರೆ ಪೈಲಟ್ ಸಾಹೇಬ. "ಬೈರಿ, ಬೈರಿ. ಬೆಳಗಾವಿ ಬಿಟ್ಟಮ್ಯಾಲೆ ಇಷ್ಟು ಚಲೋ ಬೈಗುಳ ಕೇಳಿದ್ದಿಲ್ಲ" ಅಂದ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು ಅವನಿಗೆ. ಆ ರವಿವಾರವೇ ಮನೆಗೆ ಊಟಕ್ಕೆ ಕರೆದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ತಿಂದು ಕಣ್ಣಲ್ಲಿ ನೀರು ತಂದುಕೊಂಡ. ಖಾರಕ್ಕೆ ಅಂದ. ಅಂದಿನಿಂದ ನನ್ನ ಹೆಂಡತಿ ಅವನಿಗೆ ಅಕ್ಕ ಆದಳು, ನಾನು ಮಾಮಾ ಆದೆ. ಮೈದಾನದಲ್ಲಿ ಮಾತ್ರ ನಾನು ಅವನಿಗೆ ಸಾಹೇಬ್ರ ಅನ್ನುತ್ತಿದ್ದೆ. ಅವನೂ ಅಲ್ಲಿ ಮಾಮಾ ಎಂದು ಕರೆದವನಲ್ಲ.

ಆ ವರ್ಷ ನವರಾತ್ರಿಯ ಅಷ್ಟಮಿಯ ಸಂಜೆ ಅವನು ಕರೆಯದೇ ಬಂದ. ಕೈಯಲ್ಲಿ ತಂತಿ ಆಫೀಸಿನಿಂದ ಬಂದ ತಾರು. ಬೆಳಗಾವಿಯಲ್ಲಿ ತಾಯಿಗೆ ಭಾಳ ಜಡ್ಡಾಗಿದೆ, ಕೂಡಲೇ ಹೊರಟು ಬಾ ಎಂದಿತ್ತು. ಅಪ್ಪ ಎಂದೋ ತೀರಿದ್ದರು. ಇವನೊಬ್ಬನೇ ಮಗ. ನನ್ನ ಹೆಂಡತಿ ಒಂದು ತಂಬಿಗೆ ನೀರು ಅವನ ಮುಂದಿಟ್ಟಳು.

"ರಜಾ ಸಿಕ್ಕೇದ ಅಕ್ಕಾ. ನಾಳೆ ಬೆಳಗಾವಿಗೆ ಟಪಾಲು ಒಯ್ಯೂದು ಹೆಂಗೂ ಇತ್ತು, ಅದನ್ನ ನನಗ ಕೊಟ್ಟಾರ. ಮುಂಜಾನೆ ಹಾರಿದ್ರ ಮಧ್ಯಾಹ್ನದೊಳಗ ಅವ್ವನ ಮುಂದಿರ್ತೀನಿ. ವಿಮಾನದಾಗ ಬರ್ತೀನಿ ಅಂತ ವಾಪಸ್ ತಾರು ಸುದ್ದಾ ಮಾಡೀನಿ" ಅಂದ.

ಮರುದಿನ ಖಂಡೇನವಮಿ. ವರ್ಕ್‌ಶಾಪಿನ ಉದ್ದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಇಕ್ಕಳ, ಕಬ್ಬಿಣ ಉಜ್ಜುವ ಕಾನಸು ಎಲ್ಲವನ್ನೂ ಒಪ್ಪವಾಗಿ ಜೋಡಿಸಿ, ಅರಿಷಿಣ ಕುಂಕುಮ ಏರಿಸಿ ಚೆಂಡುಹೂ ಇಟ್ಟಿದ್ದೆವು. ಆ ದಿನ ಪೂಜೆಗಿಟ್ಟ ಹತಾರವನ್ನು ಯಾರೂ ಎತ್ತುವುದಿಲ್ಲ. ಮರುದಿನ ದಸರೆಯಂದು ಬನ್ನಿ ಕೊಟ್ಟು ತಗೊಂಡ ಮೇಲೆಯೇ ಎತ್ತುವುದು. ಇಂಗ್ಲಿಷ್ ಸಾಹೇಬರಿಗೂ ಇದು ಗೊತ್ತಿತ್ತು. ಆ ದಿನ ಹಾರಾಟ ಇದ್ದರೂ ರಿಪೇರಿ ಇಡುತ್ತಿರಲಿಲ್ಲ. ಪೂಜೆ ಮಾಡಿದವರು ನಮ್ಮ ಮಿಸ್ತ್ರಿ, ಸಾತಾರಾ ಕಡೆಯ ಮರಾಠಿ ಮನುಷ್ಯ. ನವರಾತ್ರಿಯ ಒಂಬತ್ತೂ ದಿನ ಉಪವಾಸ ಇರುವವರು. ಬೆಳಗಾವಿಗೆ ಹೋಗಬೇಕಾದ ವಿಮಾನ ಹೊರಗೆ ತಯಾರಾಗಿ ನಿಂತಿತ್ತು. ಚಿಕ್ಕದು, ಎರಡು ಸೀಟಿನದು, ಮೂಗಿಗೆ ಕಟ್ಟಿಗೆಯ ಪಂಖ. ಮಿಸ್ತ್ರಿ ಅದಕ್ಕೂ ಒಂದು ಹಾರ ಹಾಕಿದ್ದರು. ಪೈಲಟ್ ಬಂದವನು ಅದನ್ನು ತೆಗೆದು ಕಣ್ಣಿಗೊತ್ತಿಕೊಂಡು ಸೀಟಿನ ಪಕ್ಕದಲ್ಲಿಟ್ಟ.

ಅಷ್ಟರಲ್ಲಿ ಮೋಟರ್ ಸೈಕಲ್ ಸವಾರನೊಬ್ಬ ಭರ್ರನೆ ಬಂದು ಒಂದು ಲಕೋಟೆ ಕೊಟ್ಟ. ವರ್ಕ್‌ಶಾಪಿನ ನಮ್ಮ ಇಂಗ್ಲಿಷ್ ಸಾಹೇಬ ಯಾವುದೋ ಕೆಲಸಕ್ಕೆ ಮುಂಬಯಿಗೆ ಹೋಗಿದ್ದ. ಮಿಸ್ತ್ರಿಗೆ ಇಂಗ್ಲಿಷ್ ಓದಲು ಬಾರದು. ಲಕೋಟೆ ನನ್ನ ಕೈಗೆ ಬಂತು.

ಓದಿದೆ. ಬೇರೆಲ್ಲೋ ಇದೇ ಜಾತಿಯ ವಿಮಾನವೊಂದರ ಪಂಖ ಆಕಾಶದಲ್ಲೇ ಕಳಚಿ ಹೋಗಿತ್ತು. ಪಂಖವನ್ನು ಇಂಜಿನ್ನಿನ ದಂಡಕ್ಕೆ ಬಿಗಿಹಿಡಿಯುವ ಎಂಟು ಬೋಲ್ಟುಗಳ ಉಕ್ಕಿನಲ್ಲೇ ಐಬು. ಆ ಗುರುತಿನ ಬೋಲ್ಟು ಇರುವ ಎಲ್ಲ ವಿಮಾನಗಳಲ್ಲೂ ಅವನ್ನು ಕಡ್ಡಾಯವಾಗಿ ಬದಲಿಸಬೇಕು. ಬದಲಿಸುವವರೆಗೆ ಒಂದೂ ಹಾರಕೂಡದು. ಹಳೆಯವನ್ನು ಇವತ್ತೇ ಬಿಚ್ಚಿ, ಪರೀಕ್ಷೆ ಮಾಡಿ, ವರದಿ ಕಳಿಸಬೇಕು. ಪರೀಕ್ಷೆಯಲ್ಲಿ ಬಿರುಕು ಕಾಣಲಿ ಬಿಡಲಿ, ಮತ್ತೆ ಹಾಕಕೂಡದು. ಹೊಸವು ಮುಂಬಯಿಯಿಂದ ರೈಲಿನಲ್ಲಿ ಬರುತ್ತವೆ.

ನಾನು ನೇರವಾಗಿ ಹೊರಟು ಪಂಖದ ಹತ್ತಿರ ಬಗ್ಗಿ ಬೋಲ್ಟಿನ ತಲೆ ನೋಡಿದೆ. ಅದೇ ಗುರುತು.

ಪೈಲಟ್ ನನ್ನ ಕೈಯಿಂದ ಕಾಗದ ಕಸಿದು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಬಹಳ ಸಮಾಧಾನದಿಂದ, ಮಕ್ಕಳಿಗೆ ಹೇಳುವಂತೆ ಹೇಳಿದ: "ಇವತ್ತು ಖಂಡೇನವಮಿ. ಹತಾರ ಎತ್ತಂಗಿಲ್ಲ. ಎತ್ತದ ಮ್ಯಾಲೆ ಬಿಚ್ಚೂದು ಎಲ್ಲಿಂದ ಬಂತು? ಲಕೋಟೆ ಪೂಜಾದಾಗ ಹಂಗೇ ಇತ್ತು, ನಾಳೆ ಒಡದು ನೋಡಿದ್ವಿ ಅನ್ರಿ. ನಿನ್ನೆ ಹಾರೇದ ಈ ವಿಮಾನ. ಮೊನ್ನೆ ಹಾರೇದ. ಇವತ್ತೊಂದಿನ ಹಾರಂಗಿಲ್ಲೇನು?"

ನಾಲ್ಕಾರು ಜನ ಸುತ್ತ ನಿಂತಿದ್ದರು. ತಾರಿನ ವಿಷಯ ಎಲ್ಲರಿಗೂ ಗೊತ್ತಿತ್ತು. ಯಾರೂ ಇಲ್ಲ ಅನ್ನಲಿಲ್ಲ. ಒಬ್ಬ ಪೇಂಟರ್ ಆಗಲೇ ಲಕೋಟೆಯನ್ನು ಹೂವಿನ ಅಡಿ ತಳ್ಳಲು ಕೈ ಚಾಚಿದ್ದ. ನಿಜ ಹೇಳಬೇಕೆಂದರೆ ಅದು ನಡೆದುಹೋಗುವಂಥ ಮಾತೇ ಆಗಿತ್ತು. ನಮ್ಮ ಸಾಹೇಬ ಕೂಡ ನಂಬುತ್ತಿದ್ದ.

"ಆಗಂಗಿಲ್ರಿ ಸಾಹೇಬ್ರ" ಅಂದೆ.

"ಮಾಮಾ" ಅಂದ ಅವನು, ಎಲ್ಲರೆದುರಿಗೆ. "ಅವ್ವ ಹಾದಿ ಕಾಯಾಕತ್ತಾಳ."

"ಗೊತ್ತದ್ರಿ ಸಾಹೇಬ್ರ. ರಾತ್ರಿ ರೈಲಿಗೆ ಹೋಗ್ರಿ. ಮುಂಜಾನೆ ಮುಟ್ತೀರಿ."

"ಮುಂಜಾನೆ ತನಕ ಇರಬೇಕಲ್ರೀ ಆಕಿ! ಸತ್ರ ನಾ ಸಾಯ್ತೀನಿ, ನಿಮಗೇನು?"

ಆಗ ನನ್ನ ಸಿಟ್ಟು ನೆತ್ತಿಗೇರಿತು. "ನನಗೇನು ಅಂತ ಕೇಳ್ತೀಯೇನಲೇ? ನಾಳೆ ನಿನ್ನ ಹೆಣದ ಸುದ್ದಿನೂ ನಿಮ್ಮವ್ವಗ ತಾರು ಮಾಡಬೇಕೇನು ನಾ? ಕೆಳಗ ಇಳಿ!" ಎಂದು ಕೂಗಿಬಿಟ್ಟೆ. ಸಾಹೇಬ್ರ ಅನ್ನುವ ಮಾತು ಎಲ್ಲಿ ಹೋಯಿತೋ. ಅವನು ಕೆಳಗೇ ನಿಂತಿದ್ದ, ಇಳಿಯುವ ಮಾತೇ ಇರಲಿಲ್ಲ. ಸಿಟ್ಟಿನಲ್ಲಿ ನನಗದು ಕಾಣಿಸಿರಲಿಲ್ಲ.

ಅವನು ಕಾಗದವನ್ನು ನನ್ನ ಎದೆಗೆ ಒತ್ತಿ ಕೊಟ್ಟು, ಸ್ಟೇಷನ್ ಕಡೆ ಹೊರಟಿದ್ದ ಲಾರಿ ಹತ್ತಿ ಹೋದ. ರೈಲು ರಾತ್ರಿಗೆ. ಅಲ್ಲಿಯವರೆಗೆ ಪ್ಲಾಟ್‌ಫಾರ್ಮಿನಲ್ಲಿ ಕೂತಿರುತ್ತಾನೆ ಎಂದು ನೆನೆದು ನಾನು ಬುತ್ತಿ ಬಿಚ್ಚಲಿಲ್ಲ.

ಇನ್ನು ಬೋಲ್ಟು ಬಿಚ್ಚಬೇಕು, ಹತಾರ ಪೂಜೆಯಲ್ಲಿವೆ. ಮಿಸ್ತ್ರಿ ಏನನ್ನುತ್ತಾರೋ ಎಂದು ನಾನು ಅನುಮಾನಿಸುತ್ತಿದ್ದೆ. ಅವರು ಮೇಜಿನ ಮುಂದೆ ಹೋಗಿ ಕಿವಿ ಹಿಡಿದುಕೊಂಡು ಗಲ್ಲ ಗಲ್ಲ ಬಡಿದುಕೊಂಡು, ದೊಡ್ಡ ಪಾನಾ ಎತ್ತಿ, ಕುಂಕುಮವನ್ನು ತಮ್ಮ ತೋಳಿಗೇ ಒರೆಸಿಕೊಂಡರು. "ಚಲಾ" ಅಂದರು, ನಡೀರಿ ಎಂಬಂತೆ. ಅಷ್ಟೇ.

ಎಂಟೂ ಬೋಲ್ಟು ಬಿಚ್ಚಿದೆವು. ಆಗ ಬಿರುಕು ಹುಡುಕುವುದಕ್ಕೆ ನಮಗೆ ಗೊತ್ತಿದ್ದ ಉಪಾಯ ಒಂದೇ. ಬೋಲ್ಟನ್ನು ಸೀಮೆಎಣ್ಣೆ ಬೆರೆಸಿದ ಎಣ್ಣೆಯಲ್ಲಿ ನೆನೆಹಾಕಿ, ತೆಗೆದು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಹುಡಿ ತೆಳ್ಳಗೆ ಬಳಿದು ಇಡುವುದು. ಎಲ್ಲಾದರೂ ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಗೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬೋಲ್ಟುಗಳನ್ನು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ನಾನು ಎದುರಿಗೆ ಕೂತೆ. ನಾನು ದೊಡ್ಡ ಭಕ್ತನೇನಲ್ಲ. ಅವತ್ತು ಮಾತ್ರ ಪೂಜೆಯ ಮೇಜಿನ ಕಡೆ ನೋಡಿ, ತಾಯೇ, ಒಂದಾದರೂ ಗೆರೆ ಮೂಡಿಸು ಎಂದು ಬೇಡಿಕೊಂಡೆ. ಕೈಮುಗಿದು ಬಿರುಕು ಬೇಡಿಕೊಂಡ ಫಿಟ್ಟರ್ ನಾನೊಬ್ಬನೇ ಇರಬೇಕು.

ಗೆರೆ ಮೂಡಲಿಲ್ಲ. ಒರೆಸಿ ಇನ್ನೊಮ್ಮೆ ನೆನೆಹಾಕಿ ನೋಡಿದೆ. ಎಂಟೂ ಬೋಲ್ಟು ಮದುವೆಗೆ ಹೊರಟವರ ಹಾಗೆ ಬೆಳ್ಳಗೆ ನಿಂತಿದ್ದವು. ಮಿಸ್ತ್ರಿ ನನ್ನ ಹೆಗಲ ಮೇಲೆ ಕೈ ಇಟ್ಟು, "ಉಕ್ಕಿನ ಹೊಟ್ಟೆಯೊಳಗೆ ಏನಿದೆಯೋ ಹುಡಿಗೆ ಏನು ಗೊತ್ತು" ಎಂದು ಮರಾಠಿಯಲ್ಲಿ ಹೇಳಿದರು. ಸರಿಯಾದ ಮಾತೇ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಬಿರುಕು ಕಂಡಿಲ್ಲ ಎಂದು ವರದಿ ಬರೆದೆ. ಹೊಸ ಬೋಲ್ಟು ಬಂದ ದಿನ ಎಂಟನ್ನೂ ನಾನೇ ಹಾಕಿ, ಬಿಗಿದು, ಸಡಿಲಾಗದಂತೆ ತಂತಿ ಕಟ್ಟಿದೆ.

ದಿನಕರ್ಮ ಮುಗಿಸಿ ಅವನು ತಿರುಗಿ ಬಂದದ್ದು ದೀಪಾವಳಿ ಹತ್ತಿರವಾದಾಗ. ತಲೆ ಬೋಳಿಸಿದ್ದ. ಮೈದಾನಕ್ಕೂ ಮೊದಲು ನಮ್ಮ ಮನೆಗೇ ಬಂದ. ನನ್ನ ಹೆಂಡತಿ ಅವನ ತಲೆ ನೋಡಿ ಸೆರಗು ಬಾಯಿಗೊತ್ತಿಕೊಂಡಳು. ಕೂಡಿಸಿ ತಾಟು ಹಾಕಿದಳು. ಅವನು ರೊಟ್ಟಿ ಮುರಿಯುತ್ತಲೇ, ಯಾರದೋ ಸುದ್ದಿ ಹೇಳುವಂತೆ ಹೇಳಿದ. ತಾಯಿ ಖಂಡೇನವಮಿಯ ಸಂಜೆ ದೀಪ ಹಚ್ಚುವ ಹೊತ್ತಿಗೆ ತೀರಿಕೊಂಡಿದ್ದರು. ಇವನು ಮುಟ್ಟಿದ್ದು ದಸರೆಯ ಬೆಳಿಗ್ಗೆ.

"ವಿಮಾನದಾಗ ಬರ್ತಾನ ಅಂತ ಆಕಿಗೆ ಹೇಳಿದ್ರಂತ ಅಕ್ಕಾ. ಮಧ್ಯಾಹ್ನದಿಂದ ಹೊರಗ ಲಾರಿ ಸಪ್ಪಳ ಆದ್ರೂ 'ಬಂದಾನೇನು ನೋಡ್ರಿ' ಅಂತಿದ್ಲಂತ."

ಆಮೇಲೆ ತಲೆ ಎತ್ತದೆ ಕೇಳಿದ: "ಮಾಮಾ, ಬಿರುಕು ಇತ್ತೇನ್ರಿ?"

ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಹೆಂಡತಿ, "ಇತ್ತಪ್ಪಾ! ಕೂದಲೆಳಿಯಷ್ಟು ಉದ್ದಕ ಸೀಳಿತ್ತಂತ. ಅವತ್ತ ಮನಿಗೆ ಬಂದು ಹೇಳಿದ್ರು. ನೀ ಹಾರಿದ್ದಿದ್ರ ನಾವು ನಿನ್ನ ಮಾರಿ ನೋಡತಿದ್ದಿಲ್ಲ" ಅಂದಳು. ಬೋಲ್ಟಿಗೂ ಬೀಗಕ್ಕೂ ವ್ಯತ್ಯಾಸ ತಿಳಿಯದವಳು, ಒಂದೇ ಉಸಿರಿಗೆ ಎಷ್ಟು ಚಂದ ಸುಳ್ಳು ಹೇಳಿದಳೆಂದರೆ ನಾನೇ ನಂಬಬೇಕು. ಅವನು ಅವಳ ಮಾತು ಕೇಳಿ ನನ್ನ ಮುಖ ನೋಡಿದ. ಹೌದು ಅನ್ನು ಎಂದು ಅವಳು ಅವನ ಬೆನ್ನ ಹಿಂದಿನಿಂದ ಕಣ್ಣು ಬಿಡುತ್ತಿದ್ದಳು.

ಹೌದು ಅನ್ನಲು ನನಗೂ ಮನಸ್ಸಿತ್ತು. ಆದರೆ ಅವನು ನಾಳೆ ಅದೇ ವಿಮಾನ ಹತ್ತುವವನು. ಪಂಖದ ವಿಷಯದಲ್ಲಿ ಫಿಟ್ಟರ್ ಒಮ್ಮೆ ಸುಳ್ಳು ಹೇಳಿದರೆ ಅವನ ಹೌದಿಗೂ ಅಲ್ಲಕ್ಕೂ ಆಮೇಲೆ ಏನು ಬೆಲೆ?

"ಇರಲಿಲ್ಲ. ಎರಡು ಸಲ ನೋಡಿದೆ. ಒಂದರಾಗೂ ಇರಲಿಲ್ಲ" ಅಂದೆ.

"ಅಂದ್ರ ನಾ ಹೋಗಬಹುದಿತ್ತು."

"ಹೋಗಬಹುದಿತ್ತೇನೋ. ಆದ್ರ ತಮ್ಮಾ, ಇವತ್ತು ಅಂಥದೇ ಕಾಗದ ಬಂದ್ರ, ಇವತ್ತೂ ನಾ ಬಿಡಂಗಿಲ್ಲ."

ಅವನು ತಾಟಿನಲ್ಲಿದ್ದ ರೊಟ್ಟಿ ಪೂರ್ತಿ ತಿಂದ. ಅನ್ನ ಬಿಡುವ ಹುಡುಗ ಅಲ್ಲ. ಕೈ ತೊಳೆದು, ಅಕ್ಕನಿಗೆ ಮಾತ್ರ ಬರ್ತೀನಿ ಎಂದು ಹೇಳಿ ಮೆಟ್ಟಿಲು ಇಳಿದ.

"ಒಂದು ಸುಳ್ಳು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಕಲ್ಲು, ಕಲ್ಲು ನೀವು!" ಎಂದು ನನ್ನ ಹೆಂಡತಿ ಅತ್ತಳು. ನನಗೂ ಅಳು ಬಂದಿತ್ತು. ಅವಳಿಗೆ ಕಾಣದಂತೆ ನೀರಿನ ಕೊಡ ಎತ್ತಿಕೊಂಡು ನಳದ ಕಡೆ ಹೋದೆ.

ಮರುದಿನ ಬೆಳಿಗ್ಗೆ ಅವನು ವಿಮಾನದ ಹತ್ತಿರ ಬಂದ. ಮೊದಲೆಲ್ಲ ಬಂದವನೇ ಸೀಟಿಗೆ ಹಾರಿ ಕೂಡುತ್ತಿದ್ದ. ಅಂದು ಪಂಖದ ಮುಂದೆ ನಿಂತು, ಬೋಲ್ಟಿನ ತಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಇವನ್ನ ಯಾರು ಹಾಕಿದ್ರು?" ಎಂದು ಕೇಳಿದ.

"ನಾ ಹಾಕೀನ್ರಿ ಸಾಹೇಬ್ರ."

"ಹಂಗಾರ ಆತು" ಎಂದು ಹತ್ತಿ ಕೂತ. ನಾನು ಪಂಖ ತಿರುವಿದೆ. ಇಂಜಿನ್ ಹತ್ತಿಕೊಂಡಿತು. ಅವನು ಮೇಲೆದ್ದು, ಯೆರವಡಾದ ಕಡೆ ಹೊರಳಿ ಹೋದ.

ಯುದ್ಧ ಮುಗಿದು ಅವನಿಗೆ ಬೇರೆ ಊರಿಗೆ ಬದಲಿ ಆಗುವವರೆಗೂ ತನ್ನ ವಿಮಾನದ ಪಂಖವನ್ನು ನನ್ನ ಹೊರತು ಇನ್ನೊಬ್ಬ ಫಿಟ್ಟರ್ ಮುಟ್ಟಲು ಅವನು ಬಿಡಲಿಲ್ಲ. ನಮ್ಮ ಮನೆಗೆ ಊಟಕ್ಕೆ ಮಾತ್ರ ಮತ್ತೆ ಬರಲಿಲ್ಲ.