ಈರಣ್ಣನ ಕಿವಿಯಲ್ಲಿದ್ದ ಗೇರು

ನೇರವಾಗಿ ಒಪ್ಪಿಕೊಂಡುಬಿಡುತ್ತೇನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕೈ ಹಾಕಿದ್ದೆ. ಗೊತ್ತಿಲ್ಲದೆ ಹಾಕಿದ್ದು. ಗೊತ್ತಿದ್ದರೂ ಹಾಕುತ್ತಿದ್ದೆನೇನೋ, ಆಗ ನನಗೆ ಕಾರು ಓಡಿಸುವ ಹುಚ್ಚು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಸಿರುಗುಪ್ಪದಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ. ಬಳ್ಳಾರಿ ಬಿಟ್ಟು ಹೊರಟಿದ್ದ ಯಾರೋ ದೊಡ್ಡ ಮನುಷ್ಯರಿಂದ ಅಪ್ಪ ಒಂದು ಹಳೆಯ ವಿದೇಶಿ ಕಾರು ತಂದಿದ್ದರು. ಕ್ಲಚ್ ಇಲ್ಲದ, ಗೇರು ತಾನೇ ಬದಲಾಗುವ ಕಾರು. ಸ್ಟೀರಿಂಗಿನ ಹಿಂದೆ ಒಂದು ಹಿಡಿ, ಅದರ ಮೇಲೆ ಇಂಗ್ಲಿಷ್ ಅಕ್ಷರಗಳ ಸಾಲು, ತೋರಿಸಲು ಒಂದು ಮುಳ್ಳು. ಮುಂದೆ ಹೋಗಲು ಒಂದಕ್ಷರ, ಹಿಂದೆ ಬರಲು ಒಂದು, ಸುಮ್ಮನೆ ನಿಲ್ಲಲು ಇನ್ನೊಂದು. ಡ್ರೈವರನ ಎಡಗಾಲಿಗೆ ಕೆಲಸವೇ ಇಲ್ಲ ಎಂಬುದನ್ನು ನೋಡಲು ಹಚ್ಚೊಳ್ಳಿಯಿಂದ ಜನ ಬಂದು ಬಗ್ಗಿ ನೋಡುತ್ತಿದ್ದರು.

ಆದರೆ ಮುಳ್ಳು ಹೇಳಿದ್ದನ್ನು ನಂಬುವಂತಿರಲಿಲ್ಲ. ಹಿಡಿಗೂ ಕೆಳಗಿನ ಗೇರು ಪೆಟ್ಟಿಗೆಗೂ ನಡುವೆ ಒಂದು ಕಬ್ಬಿಣದ ಸಲಾಕೆ. ಅದು ಕೂಡುವ ತೂತಿನೊಳಗಿನ ಬುಷ್, ಅಂದರೆ ರಬ್ಬರಿನ ಬಳೆ, ಸವೆದು ಉದುರಿಹೋಗಿ, ಸಲಾಕೆ ಗಲಗಲ ಅಲ್ಲಾಡುತ್ತಿತ್ತು. ಮುಳ್ಳು ಮುಂದಕ್ಕೆ ಎನ್ನುವಾಗ ಕಾರು ನಿಂತಿರುತ್ತಿತ್ತು. ನಿಲ್ಲು ಎಂದಾಗ ಹಿಂದಕ್ಕೆ ಸರಿಯುತ್ತಿತ್ತು. ಅದರ ಮನಸ್ಸು ತಿಳಿದವನು ಒಬ್ಬನೇ, ಸಿರಿಗೇರಿಯ ಈರಣ್ಣ, ನಮ್ಮ ಡ್ರೈವರ್. ಹಿಡಿಯನ್ನು ಮೆಲ್ಲಗೆ ಎಳೆದು, ಕತ್ತು ವಾಲಿಸಿ, ಕಾಲಡಿಯಿಂದ ಬರುವ 'ಕಟ್' ಎಂಬ ಸಣ್ಣ ಸದ್ದಿಗೆ ಕಾಯುತ್ತಿದ್ದ. ಸದ್ದು ಬಂದಮೇಲೆ ಕಾರು ನೀರಿನ ಮೇಲೆ ತೇಲಿದಂತೆ ಹೊರಡುತ್ತಿತ್ತು. ಕಾಲುವೆ, ಭತ್ತದ ಹಸಿರು, ದೂರದಲ್ಲಿ ಕುರುಗೋಡಿನ ಬಂಡೆಗುಡ್ಡ ಎಲ್ಲವೂ ಕಿಟಕಿಯಲ್ಲಿ ಕರಗುತ್ತ ಹೋಗುತ್ತಿದ್ದವು. ಯಾವುದು ನಿದ್ದೆ, ಯಾವುದು ಬಳ್ಳಾರಿ ರಸ್ತೆ ಎಂದು ನನಗೆ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಸಡಿಲವಾಗಿರುವುದೆಲ್ಲ ಕೆಟ್ಟದ್ದು ಅನ್ನುವವಳಲ್ಲ ನಾನು. ಬಂಡಿಯ ಗಾಲಿ ಅಚ್ಚಿನ ಮೇಲೆ ತುಸು ಆಡದಿದ್ದರೆ ಉಜ್ಜಿ ಹೊಗೆ ಬರುತ್ತದೆ. ಬಳೆ ಬಿಗಿಯಾದರೆ ಕೈ ಊದುತ್ತದೆ. ಮದುವೆಯ ವಿಚಾರ ನೀವೇ ಹೇಳಿ. ಆದರೆ ಈ ತತ್ವವೆಲ್ಲ ಈಗ ಹೊಳೆದದ್ದು. ಆಗ ನನ್ನ ಹಟ ಒಂದೇ.

"ನಾ ಕಾರ್ ಕಲೀತೀನಪ್ಪ" ಎಂದೆ.

"ಅದಕ್ಕ ಈರಣ್ಣನ ಕಿವಿ ಬೇಕವ್ವಾ. ನನಗ ಬರಂಗಿಲ್ಲ, ನಿನಗೆಲ್ಲಿ ಬರ್ತೈತಿ?"

"ಹಂಗಾದ್ರ ರಿಪೇರಿ ಮಾಡಸ್ರಿ."

ಅಪ್ಪ ಈರಣ್ಣನಿಗೆ ಹೇಳಿದರು. ಈರಣ್ಣ "ನೋಡೋಣ್ರಿ ಸಾವ್ಕಾರ್ರ" ಎಂದ. ಎರಡು ತಿಂಗಳು ನೋಡಿದ. ಕೊನೆಗೆ ಒಂದು ಮಧ್ಯಾಹ್ನ, ಅಪ್ಪ ಕುರುಗೋಡಿನಲ್ಲಿ ಯಾರದೋ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಹೊರಗೆ ಕಾರು ನಿಂತಿದ್ದ ಬೇವಿನ ಮರದಡಿ ನಾನು ಅವನನ್ನು ಕೆಣಕಿದೆ.

"ಬರಂಗಿಲ್ಲಂದ್ರ ಬರಂಗಿಲ್ಲ ಅನ್ನು ಮಾಮ. ಬಳ್ಳಾರ್‍ಯಾಗ ಬ್ಯಾರೆ ಮಿಸ್ತ್ರಿ ಅದಾರ."

ಅವನು ಕಾರಿನ ಕಡೆ ನಡೆದ. ಗಾಲಿಗಳಿಗೆ ಕಲ್ಲು ಕೊಟ್ಟ, ಗೋಣಿಚೀಲ ಹಾಸಿ ಕಾರಿನಡಿ ಸರಿದ. ಪಿನ್ನು ಕಿತ್ತ, ಸಲಾಕೆ ಬಿಡಿಸಿದ. ಆಮೇಲೆ ಮಲಗಿದಲ್ಲೇ ಅಂಗಿಯ ಜೇಬಿನಿಂದ ಏನನ್ನೋ ತೆಗೆದ. ಟ್ರ್ಯಾಕ್ಟರಿನ ರಬ್ಬರ್ ಪೈಪಿನಿಂದ ಕೊಯ್ದ ಒಂದು ಪುಟ್ಟ ಬುಷ್. ಅಂಚೆಲ್ಲ ಬೆರಳಾಡಿ ಆಡಿ ನುಣುಪಾಗಿತ್ತು.

"ಇದನ್ನ ಯಾವಾಗ ಮಾಡ್ದಿ?"

"ನಾಕು ವರ್ಷಾತು ಬೇ."

"ಮತ್ತ್ಯಾಕ ಹಾಕಲಿಲ್ಲ?"

ಕಾರಿನಡಿಯಿಂದ ದನಿ ಮಾತ್ರ ಬಂತು. "ಕ್ಲಚ್ ಇಲ್ಲ, ಗೇರ್ ತಾನ ಬೀಳ್ತೈತಿ. ಇದೊಂದು ನೆಟ್ಟಗಾತಂದ್ರ ನಿಮ್ಮಪ್ಪಾರ ಗಾಡಿ ಹೊಡೀತಾರ, ನೀನೂ ಹೊಡೀತಿ. ಆಮ್ಯಾಲೆ ಈರಣ್ಣ ಯಾಕ ಬೇಕು?"

ಬೇಡ ಮಾಮ, ತೆಗೆದುಬಿಡು ಎನ್ನಬೇಕಿತ್ತು. ಅಷ್ಟರಲ್ಲಿ ಅವನು ಬುಷ್ ಕೂಡಿಸಿ ಪಿನ್ನು ಬಡಿದಾಗಿತ್ತು. ಕಾಲು ಗಂಟೆಯ ಕೆಲಸ. ಎದ್ದು ಹಿಡಿಯನ್ನು ಎಳೆದು ನೋಡಿದ. ಮುಳ್ಳು ಅಕ್ಷರದ ಮೇಲೆಯೇ ನಿಂತಿತು. ಕೈಯನ್ನು ಮೂರು ಸಲ ಒರೆಸಿಕೊಂಡ.

ಅಪ್ಪ ಬಂದು ಸುದ್ದಿ ಕೇಳಿ ಖುಷಿಯಿಂದ ತಾವೇ ಸ್ಟೀರಿಂಗ್ ಹಿಡಿದರು. ಮರದ ಸುತ್ತ ಒಂದು ಸುತ್ತು ಹೊಡೆದರು. ಕಾರು ಹೇಳಿದ ಹಾಗೆ ಕೇಳಿತು. ಈರಣ್ಣ ನೆಲ ನೋಡುತ್ತಿದ್ದ, ನಾನು ಈರಣ್ಣನನ್ನು. ಅಪ್ಪ ಕೆಳಗಿಳಿದು, ಎಂದಿನಂತೆ ಹಿಂದಿನ ಸೀಟಿಗೆ ಹೋಗಿ ಕಾಲು ಚಾಚಿದರು.

"ನಡಿಯಲೇ ಈರಣ್ಣ. ನಾ ಹೊಡಕೋತ ಕುಂತ್ರ ಉಂಡ ಮ್ಯಾಲೆ ಮಲಗೋರು ಯಾರು?"

ನಾಲ್ಕು ವರ್ಷ ಜೇಬಿನಲ್ಲಿಟ್ಟುಕೊಂಡಿದ್ದ ಭಯಕ್ಕೆ ಸಿಕ್ಕ ಉತ್ತರ ಇಷ್ಟೇ. ಈರಣ್ಣ ನಗಲಿಲ್ಲ. ಕಾರು ಮಾತ್ರ ಒಂದು ಮೈಲು ತುಸು ಜೋರಾಗಿ ಓಡಿತು.

ಆಮೇಲೆ ಯಾರೂ ಎಣಿಸದ್ದು ನಡೆಯಿತು. ಸದ್ದಿಗೆ ಕಾಯುವ ಕೆಲಸ ತಪ್ಪಿದ್ದೇ ತಡ, ಈರಣ್ಣ ಮಾತಿಗೆ ಶುರು ಮಾಡಿದ. ಅವನಿಗೆ ಮೂವರು ಹೆಣ್ಣುಮಕ್ಕಳೆಂದು, ನಡುವಿನವಳು ಲೆಕ್ಕದಲ್ಲಿ ಜಾಣೆಯೆಂದು, ಹೆಂಡತಿಯನ್ನು ಮೊದಲು ನೋಡಿದ್ದು ಆದೋನಿಯ ಬಸ್ಸಿನಲ್ಲೆಂದು ನಮಗೆ ಗೊತ್ತಾದದ್ದೇ ಅಂದು. ಇಷ್ಟು ವರ್ಷ ನಮ್ಮನ್ನು ಹೊತ್ತು ತಿರುಗಿದವನು, ತನ್ನ ಸಂಸಾರವನ್ನು ಒಂದು ದಿನವೂ ಕಾರಿಗೆ ಹತ್ತಿಸಿರಲಿಲ್ಲ.

ಹಿಂದೆ ಅಪ್ಪ ಕಣ್ಣು ಮುಚ್ಚಿದ್ದರು. ನಿದ್ದೆ ಕೆಡಿಸಿದೆನೇನೋ ಎಂದು ಈರಣ್ಣ ನಡುವೆಯೇ ಸುಮ್ಮನಾದ. ಅವನ ಕಥೆಯ ಬಸ್ಸು ಇನ್ನೂ ಆದೋನಿ ಬಿಟ್ಟಿರಲಿಲ್ಲ.

ಕಣ್ಣು ತೆರೆಯದೆ ಅಪ್ಪ ಕೇಳಿದರು, "ಮುಂದ? ಆಕಿ ಏನಂದ್ಲು?"